ಅಳಿವೆಯಲ್ಲಿ ನಿಂತ ಹಸಿರು ಚುಕ್ಕೆ

ಕಾಸರಕೋಡಿನ ಮೀನುಗಾರರ ಸಂಘದ ಕಚೇರಿಯ ಗೋಡೆಗಿರುವ ಟೀವಿ ಬೆಳಿಗ್ಗೆ ಒಂಬತ್ತೂವರೆಗೆ ಕಪ್ಪಾಯಿತು. ಎರಡೇ ನಿಮಿಷದಲ್ಲಿ ಕಾರ್ಯದರ್ಶಿಗಳ ಫೋನು.

“ಮೇಡಂ, ಮತ್ತೆ ಹೋತು.”

“ಎಂತ ಹೋತು?” ಎಂದೆ, ಗೊತ್ತಿದ್ದೂ.

“ನಿಮ್ಮ ಚುಕ್ಕಿ ಎಲ್ಲ ಹೋತು. ಒಂದು ದೋಣಿನೂ ಕಾಣೂದಿಲ್ಲ. ಹೆಂಗಸ್ರು ಬಂದು ಕೂತಾರೆ ಇಲ್ಲಿ. ನಾ ಅವ್ರಿಗೆ ಎಂತ ಹೇಳೂದು?”

ಒಂದೇ ವಾರದಲ್ಲಿ ಅದು ನಾಲ್ಕನೆಯ ಸಲ. ಮಳೆಗಾಲದ ನಿಷೇಧ ಮುಗಿದು ದೋಣಿಗಳು ಕಡಲಿಗೆ ಇಳಿದು ಹದಿನೈದು ದಿನವೂ ಆಗಿರಲಿಲ್ಲ. ನಾನು ಸರ್ವರನ್ನು ಮತ್ತೆ ಎಬ್ಬಿಸಿದೆ, ಚುಕ್ಕೆಗಳು ಒಂದೊಂದಾಗಿ ಮರಳಿ ಬಂದವು. ಕಾರ್ಯದರ್ಶಿಗಳು “ಆತು, ಬಂತು” ಎಂದರು. ಆ ‘ಆತು’ ಎನ್ನುವುದರಲ್ಲಿ ಸಮಾಧಾನ ಇರಲಿಲ್ಲ.

ನಮ್ಮದು ಹೊನ್ನಾವರ ಪೇಟೆಯಲ್ಲಿ, ಬಲೆ ಮತ್ತು ಹಗ್ಗ ಮಾರುವ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆಯ ಕಚೇರಿ. ಪ್ರೋಗ್ರಾಂ ಬರೆಯುವವಳು ನಾನು. ದೋಣಿಗೆ ಪೆಟ್ಟಿಗೆ ಕೂರಿಸಿ ವೈರಿಂಗ್ ಮಾಡುವವನು ಭಟ್ಕಳ ತಾಲೂಕಿನ ಮುಟ್ಟಳ್ಳಿಯವನು. ನನಗಿಂತ ಹತ್ತು ವರ್ಷ ದೊಡ್ಡವನಾದ್ದರಿಂದ ನಾನು ಅವನನ್ನು ಅಣ್ಣ ಎನ್ನುತ್ತೇನೆ, ಅವನು ನನ್ನನ್ನು ತಂಗಿ ಎನ್ನುತ್ತಾನೆ. ಸಂಘದ ಪ್ರತಿ ದೋಣಿಯ ಕ್ಯಾಬಿನ್ ಮಾಡಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ದೋಣಿ ಎಲ್ಲಿದೆ, ಎಂಜಿನ್ ಹೇಗಿದೆ, ಬ್ಯಾಟರಿ ಎಷ್ಟಿದೆ ಎಂಬುದನ್ನು ಅದು ಅರ್ಧ ನಿಮಿಷಕ್ಕೊಮ್ಮೆ ಮೊಬೈಲ್ ನೆಟ್‌ವರ್ಕಿನ ಮೂಲಕ ನಮ್ಮ ಸರ್ವರಿಗೆ ಹೇಳುತ್ತದೆ. ಸರ್ವರ್ ಅದನ್ನು ಓದಿ ಸಂಘದ ಟೀವಿಯಲ್ಲಿ ಚುಕ್ಕೆ ಹಾಕುತ್ತದೆ. ಸಂಪರ್ಕದಲ್ಲಿದ್ದರೆ ಹಸಿರು, ಇಲ್ಲದಿದ್ದರೆ ಬೂದು.

ಇವೆಲ್ಲ ದಡ ಕಾಣುವ ದೂರದಲ್ಲೇ ಬಲೆ ಬಿಡುವ ದೋಣಿಗಳು, ಹೀಗಾಗಿ ನೆಟ್‌ವರ್ಕ್ ಹೆಚ್ಚಾಗಿ ಸಿಗುತ್ತದೆ. ಮೀನು ಒಯ್ಯಲು ಬರುವ ಹೆಂಗಸರು ಟೀವಿ ನೋಡಿ ತಮ್ಮ ದೋಣಿ ಯಾವಾಗ ಮುಟ್ಟೀತು ಎಂದು ಅಂದಾಜು ಮಾಡುತ್ತಾರೆ. ಅದು ಸಣ್ಣ ಉಪಯೋಗ. ದೊಡ್ಡದು ಗಾಳಿಯ ದಿನದ್ದು. ಹವಾಮಾನದ ಎಚ್ಚರಿಕೆ ಬಂದಾಗ ಕಾರ್ಯದರ್ಶಿಗಳು ಟೀವಿ ನೋಡಿ, ಇನ್ನೂ ಹೊರಗಿರುವ ದೋಣಿಗಳಿಗೆ ಮಾತ್ರ ಫೋನು ಮಾಡಬೇಕು, ಫೋನು ಹತ್ತದಿದ್ದರೆ ವಯರ್‌ಲೆಸ್ಸಿನಲ್ಲಿ ಕೂಗಬೇಕು. ಭಟ್ಕಳದವರೂ ಕುಮಟಾದವರೂ “ಹೊನ್ನಾವರದಲ್ಲಿ ಸರಿಯಾಗಿ ನಡೆದರೆ ನಮಗೂ ಹಾಕಿ” ಎಂದು ಕಾದಿದ್ದರು. ಎಲ್ಲರ ಕಣ್ಣೂ ಆ ಕಪ್ಪು ಟೀವಿಯ ಮೇಲೆಯೇ ಇತ್ತು.

ನನಗೆ ನನ್ನ ಕೋಡಿನ ಬಗ್ಗೆ ಸ್ವಲ್ಪ ಜಂಬ ಇತ್ತು, ಸುಳ್ಳು ಹೇಳುವುದಿಲ್ಲ. ತಪ್ಪು ಆಗಬಹುದಾದ ಜಾಗಕ್ಕೆಲ್ಲ ಟ್ರೈ-ಕ್ಯಾಚ್ ಹಾಕಿದ್ದೆ. ಪ್ರೋಗ್ರಾಂ ಬರೆಯದವರಿಗೆ ಇಷ್ಟು ಹೇಳಿದರೆ ಸಾಕು: ‘ಟ್ರೈ’ ಎಂದರೆ ಈ ಕೆಲಸ ಮಾಡಿ ನೋಡು, ಮಾಡುವಾಗ ಎಡವಟ್ಟಾದರೆ ಆ ಎಡವಟ್ಟನ್ನು ಎಕ್ಸೆಪ್ಶನ್ ಎನ್ನುತ್ತಾರೆ, ಅದನ್ನು ಕೆಳಗಿರುವ ‘ಕ್ಯಾಚ್’ ಹಿಡಿಯುತ್ತದೆ. ಯಾರೂ ಹಿಡಿಯದಿದ್ದರೆ ಇಡೀ ಪ್ರೋಗ್ರಾಂ ನಿಂತುಹೋಗುತ್ತದೆ. ಮೊದಲ ಸಲ ಸರ್ವರ್ ಬಿದ್ದಾಗ ಎರಡು ಟ್ರೈ-ಕ್ಯಾಚ್ ಹೆಚ್ಚು ಹಾಕಿದೆ. ಎರಡನೆಯ ಸಲ ಮತ್ತೆರಡು. ಮೂರನೆಯ ಸಲ ಬಿದ್ದ ಮೇಲೆ ಮುಖ್ಯ ಭಾಗವನ್ನೇ ಒಂದು ದೊಡ್ಡ ಟ್ರೈ ಒಳಗೆ ಕೂರಿಸಿ, ಇನ್ನು ಹೇಗೆ ತಪ್ಪಿಸಿಕೊಳ್ಳುತ್ತದೆ ನೋಡುವಾ ಎಂದುಕೊಂಡೆ. ನಾಲ್ಕನೆಯ ಸಲವೂ ತಪ್ಪಿಸಿಕೊಂಡಿತು. ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗಿನ ಕೊನೆಯ ಸಾಲು ಪ್ರತಿ ಸಲ ಒಂದೇ: ಸಂದೇಶ ಓದಲಾಗಲಿಲ್ಲ, ಅನಿರೀಕ್ಷಿತ ಅಕ್ಷರ. ಯಾವ ದೋಣಿಯ ಸಂದೇಶ ಎಂಬುದಿಲ್ಲ. ಹಿಡಿದು ಹೆಸರು ಬರೆದಿಡಬೇಕಾಗಿದ್ದ ಕ್ಯಾಚ್ ಅದನ್ನು ಹಿಡಿದೇ ಇರಲಿಲ್ಲವಲ್ಲ.

ಆ ದಿನ ಊಟಕ್ಕೂ ಏಳದೆ ಕೋಡನ್ನು ಒಂದೊಂದೇ ಸಾಲು ಓದಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ತಲೆಗೆ ಹೊಳೆಯಿತು, ಹೊಳೆದ ಕೂಡಲೇ ನಾಚಿಕೆಯೂ ಆಯಿತು. ನನ್ನ ಟ್ರೈ ಒಳಗೆ ಇದ್ದ ಕೆಲಸ ಏನು? ‘ಈ ದೋಣಿಯಿಂದ ಏನಾದರೂ ಬಂದರೆ ಈ ಫಂಕ್ಷನ್ನನ್ನು ಕರೆ’ ಎಂದು, ಅಂದರೆ ಸಂದೇಶ ಓದುವ ಕೋಡಿನ ತುಂಡನ್ನು ಓಡಿಸು ಎಂದು ಹೇಳಿಡುವುದು. ಹೇಳಿಡುವ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ, ಅದರಲ್ಲಿ ಎಂದೂ ತಪ್ಪಾಗುವುದಿಲ್ಲ. ಟ್ರೈ ಮುಗಿಯಿತು, ಕ್ಯಾಚ್ ಮನೆಗೆ ಹೋಯಿತು. ಸಂದೇಶ ಬರುವುದು ಆಮೇಲೆ, ಅರ್ಧ ನಿಮಿಷ ಕಳೆದೋ ಅರ್ಧ ಗಂಟೆ ಕಳೆದೋ. ಆಗ ಆ ಫಂಕ್ಷನ್ ಒಂಟಿಯಾಗಿ ಓಡುತ್ತದೆ, ಅದರ ಸುತ್ತ ಯಾವ ಟ್ರೈಯೂ ಇರುವುದಿಲ್ಲ. ಬೆಳಿಗ್ಗೆ ದೋಣಿ ಹೊರಡುವಾಗ ದಡದಲ್ಲಿ ನಿಂತು ನೋಡಿ, ಅದು ಕಣ್ಮರೆಯಾದ ಕೂಡಲೇ ಮನೆಗೆ ಬಂದು ಮಲಗಿದವರಿಗೆ ಮಧ್ಯಾಹ್ನದ ಗಾಳಿ ಹೇಗೆ ಗೊತ್ತಾಗಬೇಕು? ಬಲೆಯ ಅಂಗಡಿಯ ಮಾಳಿಗೆಯಲ್ಲಿ ಕೂತವಳು ನಾನು, ಬಲೆ ಬಿಡುವ ಜಾಗ ಬಿಟ್ಟು ಬೇರೆಲ್ಲ ಕಡೆ ಬಿಟ್ಟಿದ್ದೆ.

ಕ್ಯಾಚನ್ನು ಆ ಫಂಕ್ಷನ್ನಿನ ಒಳಗೆ ಹಾಕಿ, ಯಾವ ಸಂದೇಶ ಕೆಡುತ್ತಿದೆ, ಯಾಕೆ ಕೆಡುತ್ತಿದೆ ಎಂದು ನೋಡಬೇಕು. ಎರಡು ದಿನ ಬೇಕು ಎಂದು ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಅವರು ನನ್ನ ಮಾತು ಮುಗಿಯಲು ಬಿಡದೆ ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟರು. ಸಂಘಕ್ಕೆ ಕಂಪ್ಯೂಟರ್ ವಿಷಯದಲ್ಲಿ ಸಲಹೆ ಕೊಡಲು ಹುಬ್ಬಳ್ಳಿಯಿಂದ ಒಬ್ಬರು ಬರುತ್ತಿದ್ದರು. ಆ ಸಲಹೆಗಾರರು ಅಂದು ಅಲ್ಲೇ ಕೂತಿದ್ದರು.

“ನೋಡ್ರಿ ಮೇಡಂ, ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಯಾರೂ ಹಿಡೀದ ಎಕ್ಸೆಪ್ಶನ್ ಬಂದ್ರ ನುಂಗಿಬಿಡು ಅಂತ ಮ್ಯಾಲೆ ಒಂದ ಸಾಲು ಹಾಕ್ರಿ. ಪ್ರೋಗ್ರಾಂ ಸಾಯಂಗೇ ಇಲ್ಲ.”

“ನುಂಗಿದ್ರೆ ಒಳಗೆ ಏನಾಗ್ತಿದೆ ಅಂತ ಗೊತ್ತಾಗೋದು ಹೇಗೆ ಸರ್?”

“ಗೊತ್ತಾಗಿ ಏನ್ ಮಾಡ್ತೀರಿ? ಟೀವಿ ನಡದ್ರ ಸಾಕಲ್ಲ.”

ಹಿಂದಿನಿಂದ ಕಾರ್ಯದರ್ಶಿಗಳು “ಹಾಕಿ ಮೇಡಂ, ಇವತ್ತೇ ಹಾಕಿ” ಎಂದರು. ನನಗೆ ಇಷ್ಟ ಇರಲಿಲ್ಲ. ಆದರೂ ಹಾಕಿದೆ. ನಾಲ್ಕು ಸಲ ಬಿದ್ದವಳ ಬಾಯಲ್ಲಿ ವಾದ ಎಲ್ಲಿಂದ ಬರಬೇಕು? ಆ ಒಂದು ಸಾಲು ಬರೆದ ಬೆರಳುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮೂರು ದಿನ ಟೀವಿ ಕಪ್ಪಾಗಲಿಲ್ಲ. ಕಾರ್ಯದರ್ಶಿಗಳು ಫೋನು ಮಾಡಿ ಹೊಗಳಿದರು. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗಾಳಿಯ ಎಚ್ಚರಿಕೆ ಬಂತು. ಕಾರ್ಯದರ್ಶಿಗಳು ಟೀವಿಯ ಮುಂದೆ ಕೂತು, ಹೊರಗಿದ್ದ ದೋಣಿಗಳಿಗೆ ಒಂದೊಂದಾಗಿ ಫೋನು ಮಾಡಿದರು. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲ ಬಂದವು. ಎಲ್ಲ ಎಂದರೆ, ಟೀವಿಯ ಲೆಕ್ಕದಲ್ಲಿ ಎಲ್ಲ.

ನಾನೂ ಆ ದಿನ ಕಾಸರಕೋಡಿಗೆ ಹೋಗಿದ್ದೆ. ಗಾಳಿ ಎದ್ದು, ಒಣ ಮೀನಿನ ಮೇಲೆ ಹೊದಿಸಿದ ತಾಡಪಾಲು ಪಟಪಟ ಎನ್ನುತ್ತಿತ್ತು. ಸಂಘದ ಬಾಗಿಲಲ್ಲಿ ಒಬ್ಬಳು ಹೆಂಗಸು ಬುಟ್ಟಿ ಕಾಲಬುಡದಲ್ಲಿ ಇಟ್ಟುಕೊಂಡು ನಿಂತಿದ್ದಳು. ಅವಳ ಗಂಡ ಒಂದು ದೋಣಿಯ ತಾಂಡೇಲ, ದೋಣಿ ನಡೆಸುವ ಯಜಮಾನ.

“ನಮ್ಮನೆಯವ್ರು ಬರ್ಲೇ ಇಲ್ಲ” ಎಂದಳು.

ಕಾರ್ಯದರ್ಶಿಗಳು ಟೀವಿ ತೋರಿಸಿದರು. “ಬಂದ್ರಲ್ಲೆ! ನೋಡು, ಅಳಿವೆಲಿ ಅದೆ ದೋಣಿ. ಹಸ್ರು ಚುಕ್ಕಿ. ಒಳ್ಗೆ ಬರ್ತಾ ಅದೆ, ಈಗ ಮುಟ್ಟತದೆ.”

ಶರಾವತಿ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಆ ದೋಣಿಯ ಚುಕ್ಕೆ ಹಸಿರಾಗಿ ನಿಂತಿತ್ತು. ಅವಳು ಟೀವಿ ನೋಡಿದಳು, ಕಾರ್ಯದರ್ಶಿಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ನಾ ಅಳಿವೆ ಹತ್ರನೇ ನಿಂತ್ಕಂಡು ಬಂದೆ. ಅಲ್ಲಿ ಯಾವ್ದೂ ದೋಣಿ ಇಲ್ಲ” ಎಂದಳು.

ವಯರ್‌ಲೆಸ್ಸಿನಲ್ಲಿ ಕೂಗಿ ಎಂದು ನಾನೇ ಕಾರ್ಯದರ್ಶಿಗಳ ಮೇಲೆ ಚೀರಿದೆ. ಆರೇಳು ಸಲ ಕೂಗಿದ ಮೇಲೆ ತಾಂಡೇಲರ ಧ್ವನಿ ಸಿಕ್ಕಿತು. ಅವರು ಅಳಿವೆಯಿಂದ ದೂರ ಉತ್ತರಕ್ಕೆ, ಧಾರೇಶ್ವರದ ನೇರಕ್ಕೆ ಕಡಲಲ್ಲಿದ್ದರು, ಬಲೆ ಎಳೆಯುತ್ತಿದ್ದರು. ಅವರಿಗೆ ಯಾರೂ ಫೋನು ಮಾಡಿರಲಿಲ್ಲ. ಬಲೆ ಅರ್ಧಕ್ಕೆ ಕೊಯ್ದು ಹೊರಟವರು ಅಳಿವೆ ದಾಟುವಾಗ ಸಂಜೆ ಐದು ಕಳೆದಿತ್ತು. ಅವರ ಹೆಂಡತಿ ಅಲ್ಲಿಯ ತನಕ ದಡದಲ್ಲೇ ನಿಂತಿದ್ದಳು, ನಾನೂ ಪಕ್ಕದಲ್ಲಿ ನಿಂತಿದ್ದೆ. ಅವಳು ನನ್ನ ಹತ್ತಿರ ಒಂದೂ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಾಂಡೇಲರು ದೋಣಿಯಿಂದ ಇಳಿದು ನೇರ ನನ್ನ ಮುಂದೆ ಬಂದರು. “ತಂಗಿ, ನಿನ್ನ ಟೀವಿಲಿ ನಾ ಎಲ್ಲಿದ್ದೆ?” ಎಂದು ಕೇಳಿದರು.

“ಅಳಿವೆಯಲ್ಲಿ.”

“ಅಲ್ಲೇ ಇರ್ಲಿ ಹಂಗಾರೆ ಅದು. ನಂಗೆ ಅದ್ರ ಸಂಗ್ತಿ ಬೇಡ.”

ನಮ್ಮ ಮನೆ ಕುಮಟಾದ ಕಡೆ, ನನ್ನ ಅಪ್ಪನೂ ಕಡಲಿಗೆ ಹೋಗುತ್ತಿದ್ದವನು. ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಒಮ್ಮೆ ಗಾಳಿಗೆ ಸಿಕ್ಕಿ ಅವನ ದೋಣಿ ಎರಡು ದಿನ ಬರಲಿಲ್ಲ. ಅಮ್ಮ ದಡ ಬಿಟ್ಟು ಕದಲಲಿಲ್ಲ. ಎರಡನೆಯ ದಿನ ಯಾರೋ ಬಂದು “ದೋಣಿ ಕಂಡ್ರಂತೆ, ಬರ್ತಾ ಅದೆಯಂತೆ” ಎಂದರು. ಅಮ್ಮ ಓಡಿ ಮನೆಗೆ ಬಂದು ಒಲೆ ಹೊತ್ತಿಸಿ ಅನ್ನ ಮಾಡಿ ಮುಚ್ಚಿಟ್ಟಳು. ಯಾರೂ ಏನೂ ಕಂಡಿರಲಿಲ್ಲ. ಅಪ್ಪ ಮೂರನೆಯ ದಿನ ಬೇರೆ ಯಾರದೋ ದೋಣಿಯಲ್ಲಿ ಜೀವಸಹಿತ ಬಂದ, ಆದರೆ ಅಮ್ಮ ಆ ಸುದ್ದಿ ಹೇಳಿದವನನ್ನು ಮತ್ತೆಂದೂ ಮಾತಾಡಿಸಲಿಲ್ಲ. “ಗೊತ್ತಿಲ್ಲ ಅಂದಿದ್ರೆ ನಾ ಅಲ್ಲೇ ಕೂತಿರ್ತಿದ್ದೆ” ಎನ್ನುತ್ತಾಳೆ. ಈಗ ಅದೇ ಸುಳ್ಳು ಸುದ್ದಿಯವನ ಕೆಲಸವನ್ನು ನಾನು ಯಂತ್ರದ ಕೈಯಲ್ಲಿ ಮಾಡಿಸಿದ್ದೆ, ಅದೂ ಹಸಿರು ಬಣ್ಣ ಬಳಿದು.

ಮರುದಿನ ಕಚೇರಿಗೆ ಹೋದವಳೇ ಮೊದಲು ಮಾಡಿದ ಕೆಲಸ ಆ ನುಂಗುವ ಸಾಲನ್ನು ಅಳಿಸಿದ್ದು. ಯಾರನ್ನೂ ಕೇಳಲಿಲ್ಲ. ಅದರ ಜಾಗದಲ್ಲಿ, ಯಾರೂ ಹಿಡಿಯದ ಎಕ್ಸೆಪ್ಶನ್ ಬಂದರೆ ಎಲ್ಲ ವಿವರ ಬರೆದಿಟ್ಟು ಪ್ರೋಗ್ರಾಂ ಸಾಯಲಿ, ನಾಲ್ಕು ಸೆಕೆಂಡಿನಲ್ಲಿ ತಾನೇ ಹೊಸದಾಗಿ ಎದ್ದು ಬರಲಿ ಎಂದು ಬರೆದೆ. ಸಂದೇಶ ಓದುವ ಫಂಕ್ಷನ್ನಿನ ಒಳಗೆ ಕ್ಯಾಚ್ ಹಾಕಿ, ಹಿಡಿದದ್ದನ್ನು ದೋಣಿಯ ಹೆಸರು ಸಮೇತ ಹಾಗೆಹಾಗೇ ಲಾಗಿಗೆ ಬರೆಸಿದೆ. ಆಮೇಲೆ ಕಾರ್ಯದರ್ಶಿಗಳಿಗೆ ಫೋನು ಮಾಡಿ ಹೇಳಿದೆ.

“ನಿಮ್ಮ ಸಲಹೆಗಾರರ ಸಾಲು ತೆಗೆದಿದ್ದೇನೆ.”

“ಮತ್ತೆ ಕಪ್ಪಾದ್ರೆ?”

“ಕಪ್ಪಾಗ್ಲಿ. ನಾಲ್ಕು ಸೆಕೆಂಡಲ್ಲಿ ಬರ್ತದೆ.”

“ಬರೂ ಸೋಮವಾರ ಸಭೆ ಅದೆ ಮೇಡಂ. ಕೆಲ್ಸ ಹುಬ್ಬಳ್ಳಿಯವ್ರಿಗೇ ಕೊಡ್ವಾ ಅಂತ ಹೇಳೂಕೆ ಹತ್ತಾರೆ ಎಲ್ಲ. ನೀವು ಹಟ ಮಾಡಿದ್ರೆ ನಾ ಎಂತ ಮಾಡೂಕೂ ಆಗೂದಿಲ್ಲ.”

“ಸೋಮವಾರದ ಒಳಗೆ ಆ ಚುಕ್ಕೆ ಇನ್ನೊಂದು ಸಲ ಸುಳ್ಳು ಹೇಳಿದ್ರೆ ಪೆಟ್ಟಿಗೆಗಳನ್ನ ನಾನೇ ಬಿಚ್ಚಿಕೊಂಡು ಹೋಗ್ತೇನೆ” ಎಂದು ಫೋನು ಇಟ್ಟೆ. ಎದುರು ಕೂತಿದ್ದ ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು “ಬಿಚ್ಚೂದು ಯಾರು, ನೀನಾ ನಾನಾ?” ಎಂದ.

ಎರಡನೆಯ ದಿನ ಬೆಳಿಗ್ಗೆಯೇ ಒಂದು ಹಿಡಿದೆ. ಲಾಗಿನಲ್ಲಿ ಕೆಟ್ಟ ಸಂದೇಶ ಕಣ್ಣೆದುರು ಬಿದ್ದಿತ್ತು: ಒಂದು ಸಂದೇಶದ ಅರ್ಧ, ಅದರ ಬಾಲಕ್ಕೆ ಅಂಟಿದ ಇನ್ನೊಂದು ಇಡೀ ಸಂದೇಶ. ಇವೆರಡರ ನಡುವೆ ಗಡಿಯಾರದಲ್ಲಿ ಒಂದೂವರೆ ತಾಸಿನ ಅಂತರ. ದೋಣಿ ಅದೇ ತಾಂಡೇಲರದು. ಅವರು ಪೆಟ್ಟಿಗೆ ಬೇಡ ಎಂದಿದ್ದರೂ ಅಣ್ಣ ಅದನ್ನು ಇನ್ನೂ ಬಿಚ್ಚಿರಲಿಲ್ಲ.

ಅಂಟು ಎಲ್ಲಿಂದ ಬಂತೆಂದು ನನಗೆ ಕೂಡಲೇ ತಿಳಿಯಿತು, ಯಾಕೆಂದರೆ ಅಂಟಿಸಿದವಳು ನಾನೇ. ನೆಟ್‌ವರ್ಕಿನಲ್ಲಿ ಸಂದೇಶ ಇಡಿಯಾಗಿಯೇ ಬರಬೇಕೆಂದಿಲ್ಲ, ಎರಡು ಮೂರು ತುಂಡಾಗಿಯೂ ಬರುತ್ತದೆ. ಕೊನೆಯ ಗುರುತು ಸಿಗುವ ತನಕ ತುಂಡುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಬೇಕು. ಎಲ್ಲರೂ ಸಂಪರ್ಕಕ್ಕೊಂದು ಡಬ್ಬಿ ಇಡುತ್ತಾರೆ, ಸಂಪರ್ಕ ಕಡಿದರೆ ಡಬ್ಬಿ ಸಮೇತ ಎಸೆಯುತ್ತಾರೆ. ನಾನು ದೋಣಿಗೊಂದು ಡಬ್ಬಿ ಇಟ್ಟಿದ್ದೆ. ಕಡಲಿನಿಂದ ಕಷ್ಟಪಟ್ಟು ಬಂದ ತುಂಡನ್ನು ಎಸೆಯುವುದು ಹೇಗೆ, ಉಳಿದದ್ದು ಆಮೇಲೆ ಬಂದೀತು ಎಂದು. ಮೀನಿನ ತಲೆಯನ್ನೂ ಎಸೆಯದೆ ಸಾರು ಮಾಡುವ ಮನೆಯಲ್ಲಿ ಬೆಳೆದವಳ ಬುದ್ಧಿ ಅದು. ಸಾಲದೆಂಬಂತೆ, ಸಂದೇಶ ಓದಿ ಅರ್ಥವಾದ ಮೇಲೆ ಮಾತ್ರ ಡಬ್ಬಿ ಖಾಲಿಯಾಗುವಂತೆ ಮಾಡಿದ್ದೆ. ಅರ್ಥವಾಗದಿದ್ದರೆ ಖಾಲಿಯಾಗುವುದೇ ಇಲ್ಲ, ಮುಂದೆ ಬಂದದ್ದೆಲ್ಲ ಅದೇ ಕೊಳೆತದ್ದರ ಮೇಲೆ ಬೀಳುತ್ತದೆ.

ಸರ್ವರ್ ಸತ್ತು ಏಳುತ್ತಿದ್ದಾಗ ಡಬ್ಬಿಗಳೆಲ್ಲ ತೊಳೆದುಹೋಗುತ್ತಿದ್ದವು, ಅದಕ್ಕೇ ಚುಕ್ಕೆಗಳು ಸರಿಯಾಗಿ ಮರಳುತ್ತಿದ್ದವು. ನುಂಗುವ ಸಾಲು ಬಂದ ಮೇಲೆ ತೊಳೆಯುವವರೇ ಇಲ್ಲ. ದೋಣಿ ಮರಳಿ ಸಂಪರ್ಕಕ್ಕೆ ಬಂದ ಕೂಡಲೇ ಚುಕ್ಕೆ ಹಸಿರಾಗುತ್ತಿತ್ತು, ಆದರೆ ಆ ದೋಣಿ ಹೇಳಿದ ಒಂದು ಮಾತೂ ತಲೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಚುಕ್ಕೆ ಕೊನೆಯ ಸಲ ಎಲ್ಲಿ ಕಂಡಿತ್ತೋ ಅಲ್ಲೇ ಹಸಿರಾಗಿ ನಿಂತುಬಿಟ್ಟಿತ್ತು.

ಇಷ್ಟು ತಿಳಿದರೂ ಒಂದು ಕಗ್ಗಂಟು ಉಳಿಯಿತು. ಅರ್ಧ ಸಂದೇಶ ಯಾಕೆ? ಸಿಗ್ನಲ್ ನಿಧಾನಕ್ಕೆ ಇಳಿದರೆ ಪೆಟ್ಟಿಗೆಗೆ ಮೊದಲೇ ತಿಳಿಯುತ್ತದೆ, ಹಿಡಿದ ಮಾತು ಮುಗಿಸಿಯೇ ಸುಮ್ಮನಾಗುತ್ತದೆ. ಮಾತಿನ ಮಧ್ಯೆ ಕುತ್ತಿಗೆ ಹಿಸುಕಿದ ಹಾಗೆ ಸಿಗ್ನಲ್ ನಿಲ್ಲಬೇಕಾದರೆ ಏನಾಗಬೇಕು? ಅದೂ ಅಳಿವೆ ದಾಟಿದ ಕೂಡಲೇ, ಟವರು ಎದುರಿಗೇ ಕಾಣುವ ಜಾಗದಲ್ಲಿ? ವಯರಿನ ತಪ್ಪಿರಬೇಕು ಎಂದು ಅಣ್ಣನನ್ನು ಕಾಸರಕೋಡಿಗೆ ಕಳಿಸಿದೆ. ಅವನು ಹೋಗಿ ದೋಣಿ ಹತ್ತಿ, ಅಲ್ಲಿಂದಲೇ ಫೋನು ಮಾಡಿದ.

“ವಯರೆಲ್ಲ ಸಮ ಇತ್ತು ತಂಗಿ. ಆದ್ರೆ ಇಲ್ಲಿ ಎಂತದೋ ಒಂದು ಕಾಣ್ತದೆ. ಪೆಟ್ಟಿಗೆ ಸುತ್ತ ಕಪ್ಪು ಬಳೆ.”

“ಎಂತ ಬಳೆ?”

“ಮಸಿ. ಬಿಳಿ ಪೇಂಟ್ ಮೇಲೆ ಗುಂಡಗೆ, ಅಳತೆ ಹಿಡ್ದು ಗೆರೆ ಹಾಕಿದ ಹಾಂಗೆ. ಒಂದಲ್ಲ, ನಾಕೈದು. ಒಂದ್ರ ಮೇಲೊಂದು.”

ಮಸಿ ಹಿಡಿದ, ಗುಂಡಗಿನ, ಪೆಟ್ಟಿಗೆಗಿಂತ ಅಗಲದ ವಸ್ತು ದೋಣಿಯಲ್ಲಿ ಒಂದೇ ಇರುತ್ತದೆ. ಅಪ್ಪನ ದೋಣಿಯಲ್ಲೂ ಇತ್ತು. ಅಲ್ಯುಮಿನಿಯಂ ಅನ್ನದ ಪಾತ್ರೆ.

ನಾನು ಗಟ್ಟಿಯಾಗಿ ನಕ್ಕೆ. ಆಮೇಲೆ ಇಷ್ಟು ದಿನ ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡೆ. ಮೀನು ಸಿಗುವ ಜಾಗವನ್ನು ಯಾವ ತಾಂಡೇಲನೂ ಇನ್ನೊಬ್ಬನಿಗೆ ಹೇಳುವುದಿಲ್ಲ. ಅಪ್ಪನೂ ಹೇಳುತ್ತಿರಲಿಲ್ಲ. ದಕ್ಷಿಣಕ್ಕೆ ಹೋಗುವವನು ಉತ್ತರಕ್ಕೆ ಮುಖ ಮಾಡಿ ಹೊರಟು, ದಡದ ಕಣ್ಣು ತಪ್ಪಿದ ಮೇಲೆ ತಿರುಗುತ್ತಿದ್ದ. ನಾವೋ ಎಲ್ಲರ ಜಾಗವನ್ನೂ ಸಂಘದ ಗೋಡೆಗೆ ಹಾಕಿ ತೋರಿಸುತ್ತಿದ್ದೆವು, ಚಾ ಕುಡಿಯುತ್ತ ಕೂತ ಬೇರೆ ದೋಣಿಯವರೂ ಅದನ್ನು ನೋಡುತ್ತಿದ್ದರು. ಅಳಿವೆ ದಾಟಿದ ಕೂಡಲೇ ಪೆಟ್ಟಿಗೆಯ ಮೇಲೆ ಪಾತ್ರೆ ಕವುಚಿ ಹಾಕಿದರೆ ಆಯಿತು, ಟವರಿಗೂ ಕಾಣುವುದಿಲ್ಲ, ಉಪಗ್ರಹಕ್ಕೂ ಕಾಣುವುದಿಲ್ಲ. ಅನ್ನ ಮಾಡುವ ಹೊತ್ತಿಗೆ ಪಾತ್ರೆ ಬೇಕಾಗುತ್ತದೆ, ತೆಗೆಯುತ್ತಾರೆ. ಹತ್ತು ಸಲ ಮುಚ್ಚಿದರೆ ಎಲ್ಲೋ ಒಂದು ಸಲ ಪೆಟ್ಟಿಗೆ ಮಾತಿನ ಮಧ್ಯೆ ಸಿಕ್ಕಿಬೀಳುತ್ತದೆ.

ಊಹೆಯನ್ನು ನಂಬಿ ಕೂರುವ ಹಾಗಿರಲಿಲ್ಲ. ಮನೆಗೆ ಹೋಗಿ ಅಮ್ಮನ ಅನ್ನದ ಪಾತ್ರೆ ಎತ್ತಿಕೊಂಡೆ. “ಅಯ್ಯೊ, ಅದ್ನೆಂತಕ್ಕೆ ತಕಂಡು ಹೋಗ್ತೆ? ನಾ ಅನ್ನ ಎಂತದ್ರಲ್ಲಿ ಮಾಡೂದು?” ಎಂದು ಅಮ್ಮ ಹಿಂದೆಯೇ ಅಂಗಳದ ತನಕ ಬಂದಳು. ಕುಮಟಾದಿಂದ ಹೊನ್ನಾವರದ ತನಕ ಬಸ್ಸಿನಲ್ಲಿ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರು ಪಾತ್ರೆಯನ್ನು ಒಂದು ಸಲ ನೋಡಿ ಟಿಕೆಟ್ ಹರಿದು ಕೊಟ್ಟ.

ನಮ್ಮ ಕಟ್ಟಡದ ತಾರಸಿಯಲ್ಲಿ ಅಣ್ಣ ಬ್ಯಾಟರಿ ಮತ್ತು ಪೆಟ್ಟಿಗೆ ಜೋಡಿಸಿದ. ಪರೀಕ್ಷೆಗೆಂದೇ ಬೇರೆ ಸರ್ವರಿನಲ್ಲಿ ಹಳೆಯ ಕೋಡನ್ನು ಹಾಗೆಯೇ ಓಡಿಸಿದೆ. ಮುಚ್ಚುವುದು, ಹತ್ತು ನಿಮಿಷ ಕಾಯುವುದು, ತೆಗೆಯುವುದು. ಮಧ್ಯಾಹ್ನದ ಬಿಸಿಲು, ಪಾತ್ರೆ ಕಾದು ಕೈ ಸುಡುತ್ತಿತ್ತು. ಎಂಟು ಸಲ ಏನೂ ಆಗಲಿಲ್ಲ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ನಮ್ಮಿಬ್ಬರನ್ನೂ ಅನುಮಾನದಿಂದ ನೋಡತೊಡಗಿದ್ದರು. ಒಂಬತ್ತನೆಯ ಸಲ ಪಾತ್ರೆ ತೆಗೆದೆ. ಪೆಟ್ಟಿಗೆಯ ದೀಪ ಮಿಣುಕಿತು, ಲ್ಯಾಪ್‌ಟಾಪಿನಲ್ಲಿ ಸರ್ವರ್ ದೊಪ್ಪೆಂದು ಬಿತ್ತು. ಅದೇ ಕೊನೆಯ ಸಾಲು, ಅದೇ ಅನಿರೀಕ್ಷಿತ ಅಕ್ಷರ. ನಮ್ಮದೇ ಪ್ರೋಗ್ರಾಂ ಸತ್ತದ್ದಕ್ಕೆ ಅಷ್ಟು ಖುಷಿಪಟ್ಟವರು ಹೊನ್ನಾವರದಲ್ಲಿ ಯಾರೂ ಇರಲಿಕ್ಕಿಲ್ಲ. ಅಣ್ಣ ಪಾತ್ರೆ ಎತ್ತಿಕೊಂಡು ಸೌಟು ಇಲ್ಲದ್ದಕ್ಕೆ ಸ್ಕ್ರೂಡ್ರೈವರಿನಿಂದ ಬಡಿದ.

ಉಳಿದದ್ದು ಒಂದು ದಿನದ ಕೆಲಸ. ಡಬ್ಬಿಯನ್ನು ದೋಣಿಯಿಂದ ಬಿಡಿಸಿ ಸಂಪರ್ಕಕ್ಕೆ ಕಟ್ಟಿದೆ. ಸಂಪರ್ಕ ಹೋದರೆ ಡಬ್ಬಿಯೂ ಹೋಗಲಿ, ಅರ್ಧ ತುಂಡಿನ ಆಸೆ ಬೇಡ. ಕೆಟ್ಟ ಸಂದೇಶ ಬಂದರೆ ಹಿಡಿದು, ಬರೆದಿಟ್ಟು, ಆ ಒಂದು ದೋಣಿಯ ಸಂಪರ್ಕವನ್ನಷ್ಟೇ ಕಡಿದು ಹೊಸದಾಗಿ ಶುರುಮಾಡುವುದು. ಬೇರೆ ದೋಣಿಗಳಿಗೆ ಏನೂ ಆಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಹಸಿರಿನ ಅರ್ಥ ಬದಲಿಸಿದೆ. ಸಂಪರ್ಕ ಇದ್ದ ಮಾತ್ರಕ್ಕೆ ಹಸಿರಲ್ಲ. ಅರ್ಥವಾಗುವ ಮಾತು ಬಂದು ಎರಡು ನಿಮಿಷದ ಒಳಗಿದ್ದರೆ ಹಸಿರು. ದಾಟಿದರೆ ಬೂದು, ಪಕ್ಕದಲ್ಲಿ ಎಷ್ಟು ಹೊತ್ತಿನಿಂದ ಸುದ್ದಿ ಇಲ್ಲ ಎಂಬುದು ದೊಡ್ಡ ಅಕ್ಷರದಲ್ಲಿ, ಕೆಳಗೆ ‘ಎಲ್ಲಿದೆ ಗೊತ್ತಿಲ್ಲ’.

ಸೋಮವಾರದ ಸಭೆಗೆ ಪಾತ್ರೆ ಹಿಡಿದುಕೊಂಡೇ ಹೋದೆ. ಸಲಹೆಗಾರರೂ ಬಂದಿದ್ದರು. ಇದು ನಮ್ಮ ಅಮ್ಮನ ಪಾತ್ರೆ ಎಂದು ತೋರಿಸಿ, ನಾನು ಪೆಟ್ಟಿಗೆಗೆ ಪಾತ್ರೆ ಮುಚ್ಚುವ ವಿಷಯ ಎತ್ತಿದಾಗ ತಾಂಡೇಲರೆಲ್ಲ ತಮ್ಮ ತಮ್ಮ ಪಾದ ನೋಡಿಕೊಂಡರು. ಯಾರ ದೋಣಿ ಎಂದು ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಣ್ಣ ಎಲ್ಲ ದೋಣಿ ಹತ್ತಿ ನೋಡಿದ್ದ, ಮಸಿಯ ಬಳೆ ಹನ್ನೊಂದರಲ್ಲಿತ್ತು.

ಕಾರ್ಯದರ್ಶಿಗಳು ಸಿಟ್ಟಾದರು. “ಹಂಗಾರೆ ಪಾತ್ರೆ ಮುಚ್ಚೂದು ಬಂದ್! ಮುಚ್ಚಿದವ್ರಿಗೆ ದಂಡ!”

“ದಂಡ ಯಾಕೆ?” ಎಂದೆ. “ತಮ್ಮ ಜಾಗ ಮುಚ್ಚಿಡೋದು ಅವರ ಹಕ್ಕು. ಪಾತ್ರೆ ಮುಚ್ಚಿದ್ರೆ ಸಾಯೋ ಪ್ರೋಗ್ರಾಂ ಬರೆದದ್ದು ನನ್ನ ತಪ್ಪು, ಅದನ್ನ ಸರಿ ಮಾಡಿದ್ದೇನೆ. ಮುಚ್ಚಿ, ತೆಗೀರಿ, ಬೇಕಾದಷ್ಟು ಸಲ.”

ಸಲಹೆಗಾರರು ಟೀವಿಯ ಕಡೆ ಕೈ ತೋರಿಸಿದರು. “ಅಲ್ರೀ ಮೇಡಂ, ಟೀವಿ ಮ್ಯಾಲೆ ‘ಗೊತ್ತಿಲ್ಲ’ ಅಂತ ಬರದೀರಲ್ಲ, ಯಾರರ ನೋಡಿದ್ರ ಏನಂತಾರ? ಸಿಸ್ಟಮ್ಮಿನ ಮರ್ಯಾದಿ ಏನಾತು?”

“ಸಿಸ್ಟಮ್ಮಿಗೆ ಮರ್ಯಾದೆ ಬೇಡ ಸರ್. ಅದಕ್ಕೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಹೇಳ್ಲಿ. ಹೋದ ವಾರ ಅದು ಮರ್ಯಾದೆಯಿಂದ ಹಸಿರಾಗಿ ನಿಂತಿತ್ತು. ಆಗ ಈ ದಡದಲ್ಲಿ ಮೂರು ತಾಸು ನಿಂತವರನ್ನ ಕೇಳಿ.”

ಧ್ವನಿ ಏರಿತ್ತು. ಏರಲಿ ಎಂದುಕೊಂಡೆ. ಬಾಗಿಲ ಹತ್ತಿರ ಹೆಂಗಸರ ನಡುವೆ ಆ ತಾಂಡೇಲರ ಹೆಂಡತಿ ನಿಂತಿದ್ದಳು. ನನ್ನ ಹತ್ತಿರ ಒಂದೂ ಮಾತಾಡದಿದ್ದವಳು ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಗೊತ್ತಿಲ್ಲ ಅಂತ ಹೇಳೂದೇ ಇರ್ಲಿ. ಗೊತ್ತಿಲ್ಲ ಅಂದ್ರೆ ನಾವು ಹುಡ್ಕೂಕೆ ಹೋಗ್ತ್ರು.”

ಸಭೆ ನಮಗೆ ಒಂದು ತಿಂಗಳು ಕೊಟ್ಟಿತು. ಆ ತಾಂಡೇಲರು ನನ್ನ ಕಡೆ ನೋಡದೆಯೇ ಎದ್ದುಹೋದರು, ಆದರೆ ಪೆಟ್ಟಿಗೆ ಬಿಚ್ಚಿ ಎಂದು ಹೇಳಲಿಲ್ಲ.

ಮೂರನೆಯ ವಾರ ಮತ್ತೆ ಗಾಳಿಯ ಎಚ್ಚರಿಕೆ ಬಂತು, ಸಂತೆಯ ದಿನ, ಮಧ್ಯಾಹ್ನ ಹನ್ನೆರಡಕ್ಕೆ. ನಾನು ಅಣ್ಣನ ಬೈಕಿನ ಹಿಂದೆ ಕೂತು ಕಾಸರಕೋಡಿಗೆ ಓಡಿದೆ. ಟೀವಿಯಲ್ಲಿ ಹಸಿರು ಚುಕ್ಕೆಗಳ ನಡುವೆ ಆರು ಬೂದು. ಅವುಗಳಲ್ಲಿ ಒಂದು ಅಳಿವೆಯ ಬಾಯಲ್ಲಿ: ‘ಒಂದು ತಾಸು ಹತ್ತು ನಿಮಿಷದಿಂದ ಸುದ್ದಿ ಇಲ್ಲ. ಎಲ್ಲಿದೆ ಗೊತ್ತಿಲ್ಲ.’ ಪಾತ್ರೆ ಮುಚ್ಚಿ ಹೋಗಿದ್ದರು ಪುಣ್ಯಾತ್ಮರು.

ಕಾರ್ಯದರ್ಶಿಗಳು ಹಸಿರಿನವರನ್ನು ಆಮೇಲೆ ನೋಡುವಾ ಎಂದು ಬೂದಿನಿಂದಲೇ ಶುರುಮಾಡಿದರು. ಮೊದಲ ಫೋನು ಅದೇ ದೋಣಿಗೆ. ಎರಡನೆಯ ರಿಂಗಿಗೇ ತಾಂಡೇಲರು ಎತ್ತಿದರು.

“ಗಾಳಿ ಬತ್ತದೆ, ಬಲೆ ಎಳ್ಕಂಡು ಬಾ. ಎಲ್ಲಿದ್ದೆ ನೀನು?”

“ಎಲ್ಲಿದ್ರೆ ನಿಂಗೆಂತ? ಬತ್ತೆ” ಎಂದು ಇಟ್ಟರು.

ಗಾಳಿ ಏಳುವುದಕ್ಕಿಂತ ಒಂದು ತಾಸು ಮೊದಲೇ ಅವರ ದೋಣಿ ಅಳಿವೆ ದಾಟಿತು. ಬರುವಾಗ ಪಾತ್ರೆ ತೆಗೆದಿದ್ದರು. ಚುಕ್ಕೆ ಬೂದಿನಿಂದ ಹಸಿರಿಗೆ ತಿರುಗಿ ಒಳಗೆ ಸರಿಯುವುದನ್ನು ಟೀವಿಯಲ್ಲಿ ನೋಡಿದೆ. ಅಷ್ಟಕ್ಕೇ ನಂಬದೆ ಹೊರಗೆ ಓಡಿ ದಡದಲ್ಲಿ ನಿಂತು ಕಣ್ಣಾರೆ ನೋಡಿದೆ. ಎರಡೂ ಒಂದೇ ಜಾಗದಲ್ಲಿದ್ದವು. ಅವರ ಹೆಂಡತಿ ಬುಟ್ಟಿ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತಳು. “ಅನ್ನ ಉಂಡ್ಯಾ?” ಎಂದು ಕೇಳಿದಳು.

ತಾಂಡೇಲರು ಇಳಿದು ಬಂದು, ಮಸಿ ಹಿಡಿದ ಆ ಪಾತ್ರೆಯನ್ನು ನನ್ನ ಕೈಗೆ ಹಿಡಿಸಿದರು.

“ಅನ್ನಕ್ಕೆ ಕುಕ್ಕರ್ ತಕಂಡೆ. ಇದು ನಿಂಗೆ. ನಿಮ್ಮ ಅಮ್ಮಂದು ಅವ್ಳಿಗೆ ವಾಪಸ್ ಕೊಡು.”

“ಮತ್ತೆ ಪೆಟ್ಟಿಗೆ ಮುಚ್ಚೋದಕ್ಕೆ?”

“ಬಕೆಟ್ ಅದೆ.”

ಆ ಪಾತ್ರೆ ಈಗ ನಮ್ಮ ಕಚೇರಿಯ ತಾರಸಿಯಲ್ಲಿದೆ. ಭಟ್ಕಳಕ್ಕೂ ಕುಮಟಾಕ್ಕೂ ಪೆಟ್ಟಿಗೆ ಹಾಕುವ ಮೊದಲು, ಕೋಡಿನಲ್ಲಿ ಒಂದು ಸಾಲು ಬದಲಾದರೂ, ಅಣ್ಣ ಮೇಲೆ ಹೋಗಿ ಅದನ್ನು ಐವತ್ತು ಸಲ ಮುಚ್ಚಿ ತೆಗೆಯುತ್ತಾನೆ. ಸಲಹೆಗಾರರು ಒಮ್ಮೆ ಸಿಕ್ಕಾಗ, “ಆ ಸಾಲು ಈಗರ ಹಾಕೀರೋ ಇಲ್ಲೋ?” ಎಂದು ನಗುತ್ತ ಕೇಳಿದರು. ಹಾಕಿಲ್ಲ ಎಂದೆ. ಹೋದ ವಾರ ಬೇರೆ ಯಾವುದೋ ಕಾರಣಕ್ಕೆ ಸರ್ವರ್ ಒಂದು ಸಲ ಬಿತ್ತು, ಟೀವಿ ನಾಲ್ಕು ಸೆಕೆಂಡು ಕಪ್ಪಾಯಿತು. ಈ ಸಲ ಕಾರ್ಯದರ್ಶಿಗಳು ನನಗೆ ಫೋನು ಮಾಡಲಿಲ್ಲ. ಟೀವಿಗೆ ಕಾಯದೆ, ನೇರ ಹೊರಗಿದ್ದ ದೋಣಿಗಳಿಗೆ ಮಾಡಿದರು.